ಹಳೇ ಗಿಟಾರಿನ ನಾದ ಯಾವ ಮರದ್ದು?

1993ರ ಮಾರ್ಚ್‌ನಲ್ಲಿ ಅಮೆರಿಕದ ಪೂರ್ವ ಭಾಗವನ್ನೆಲ್ಲ ನಡುಗಿಸಿದ ಬಿರುಗಾಳಿಯೊಂದು ಫ್ಲಾರಿಡಾದ ಕರಾವಳಿಯ ಮನೆಗಳಿಗೆ ಸಮುದ್ರದ ನೀರನ್ನು ನುಗ್ಗಿಸಿತು. ಹಾಗೆ ನೀರು ಹೊಕ್ಕ ಮನೆಗಳಲ್ಲಿ ಟೋನಿ ರೈಸ್ ಎಂಬ ಗಿಟಾರ್ ವಾದಕರ ಮನೆಯೂ ಒಂದು. ನೀರಿನಲ್ಲಿ ಮುಳುಗಿದ ಸಾಮಾನುಗಳ ನಡುವೆ ಅವರ ಗಿಟಾರೂ ಇತ್ತು. 1935ರಲ್ಲಿ ತಯಾರಾದದ್ದು. ಆ ಕಾಲದ ವಾದ್ಯಗಳನ್ನು ಅಂಟಿಸುತ್ತಿದ್ದದ್ದು ಪ್ರಾಣಿಗಳ ಚರ್ಮದಿಂದ ತೆಗೆದ ಸರೇಸಿನಿಂದ. ನೀರು ತಾಗಿದರೆ ಸರೇಸು ಬಿಟ್ಟುಕೊಳ್ಳುತ್ತದೆ ಎಂಬುದು ನಮ್ಮ ಊರುಗಳ ಹಳೇ ಬಡಗಿಗಳಿಗೂ ಗೊತ್ತು. ಆದರೂ ಆ ಗಿಟಾರ್ ಒಣಗಿತು, ದುರಸ್ತಿಯಾಯಿತು, ಮತ್ತೆ ನುಡಿಯಿತು. 2020ರ ಡಿಸೆಂಬರ್ 25ರಂದು ರೈಸ್ ತೀರಿಕೊಂಡಾಗ ಅವರನ್ನು ನೆನೆದವರೆಲ್ಲ ಅದೇ ಉಸಿರಿನಲ್ಲಿ ಆ ಗಿಟಾರನ್ನೂ ನೆನೆದರು.

ಅದು ಮೊದಲು ರೈಸ್ ಅವರದ್ದಾಗಿರಲಿಲ್ಲ. ಬ್ಲೂಗ್ರಾಸ್ ಎಂದು ಕರೆಯುವ ಅಮೆರಿಕದ ಹಳ್ಳಿಗಾಡಿನ ಸಂಗೀತದಲ್ಲಿ ಹೆಸರು ಮಾಡಿದ ಕ್ಲಾರೆನ್ಸ್ ವೈಟ್ ಅದನ್ನು ನುಡಿಸುತ್ತಿದ್ದರು. ಒಂಬತ್ತು ವರ್ಷದ ಹುಡುಗನಾಗಿದ್ದಾಗಲೇ ರೈಸ್ ಅದನ್ನು ಕಂಡಿದ್ದರು. ವೈಟ್ 1973ರಲ್ಲಿ ಕುಡಿದ ಅಮಲಿನ ಚಾಲಕರೊಬ್ಬರ ಕಾರಿಗೆ ಸಿಕ್ಕಿ ಸತ್ತರು. ಅಷ್ಟರಲ್ಲಾಗಲೇ ಗಿಟಾರ್ ಬೇರೊಬ್ಬರ ಕೈ ಸೇರಿತ್ತು. ರೈಸ್ ಅದನ್ನು ಹುಡುಕಿಕೊಂಡು ಹೋಗಿ 1975ರಲ್ಲಿ 550 ಡಾಲರ್ ಕೊಟ್ಟು ತಂದರು. ನೋಡಲು ಅದೇನೂ ಅಂದಗಾರ್ತಿಯಲ್ಲ. ನಡುವಿನ ನಾದರಂಧ್ರವನ್ನು ಯಾರೋ ಕೊರೆದು ದೊಡ್ಡದು ಮಾಡಿದ್ದರು. ಬೆರಳಾಡಿಸುವ ಪಟ್ಟಿಯೂ ಮೂಲದ್ದಲ್ಲ. ಆದರೆ ಆ ನಾದ! ಕೇಳಿದವರು ಅದೇ ಬೇಕೆಂದರು. ಆ ಗಿಟಾರಿನ ಹೆಸರು ಮಾರ್ಟಿನ್ ಡಿ-28. ಮೇಲ್ಹಲಗೆ ಸ್ಪ್ರೂಸ್ ಮರದ್ದು, ಬೆನ್ನು ಮತ್ತು ಪಕ್ಕೆ ಬ್ರೆಜಿಲ್ ದೇಶದ ರೋಸ್‌ವುಡ್‌ನದ್ದು.

ಇವತ್ತು ‘ವಿಂಟೇಜ್’ ಮಾದರಿ ಎಂಬ ಹಣೆಪಟ್ಟಿ ಹೊತ್ತು ಮಾರುಕಟ್ಟೆಗೆ ಬರುವ ಗಿಟಾರ್‌ಗಳೆಲ್ಲ ಇಂತಹ ಹಳೆಯ ವಾದ್ಯಗಳ ನಕಲುಗಳೇ. ಅಮೆರಿಕದ ದುಬಾರಿ ಕಾರ್ಖಾನೆಗಳೂ ಮಾಡುತ್ತವೆ, ಚೀನಾದ ಕಾರ್ಖಾನೆಗಳು ಅದರ ಒಂದು ಪಾಲು ಬೆಲೆಗೆ ಅದನ್ನೇ ಮಾಡುತ್ತವೆ. ಕೊಳ್ಳುವವರು ಮೊದಲು ಕೇಳುವ ಪ್ರಶ್ನೆ ‘ಯಾವ ಮರ?’ ಎಂಬುದು. ಆ ಪ್ರಶ್ನೆಗೆ ಬೆಲೆ ಕಟ್ಟಿದವರು ಗಿಟಾರ್ ಕೊಳ್ಳುವವರು ಮಾತ್ರ ಅಲ್ಲ. ಬ್ರೆಜಿಲ್‌ನ ಅಟ್ಲಾಂಟಿಕ್ ತೀರದ ಕಾಡು ಕಟ್ಟಿದೆ, ಅಪಲಾಚಿಯನ್ ಬೆಟ್ಟಗಳು ಕಟ್ಟಿವೆ, ನಮ್ಮ ಪಶ್ಚಿಮ ಘಟ್ಟವೂ ಕಟ್ಟಿದೆ. ಅದಕ್ಕೇ ಮರ ನಿಜವಾಗಿ ನಾದಕ್ಕೆ ಎಷ್ಟು ಕೊಡುತ್ತದೆ ಎಂದು ವಿಚಾರಿಸುವುದು ಬರೀ ಸಂಗೀತಗಾರರ ಹರಟೆಯಲ್ಲ.

ತಂತಿ, ಹಲಗೆ, ಗಾಳಿ

ಬರಿಯ ತಂತಿಯನ್ನು ಎರಡು ಮೊಳೆಗಳ ನಡುವೆ ಬಿಗಿದು ಮೀಟಿ ನೋಡಿ. ಸದ್ದು ಸೊಳ್ಳೆಯ ಗುಂಯ್‌ಗುಡುವಿಕೆಗಿಂತ ಹೆಚ್ಚಿರುವುದಿಲ್ಲ. ತಂತಿ ತೆಳ್ಳಗಿನ ವಸ್ತು, ಅದಕ್ಕೆ ಗಾಳಿಯನ್ನು ತಳ್ಳಲು ಬರುವುದಿಲ್ಲ. ವೀಣೆಯಲ್ಲಿ ನಾವು ಕುದುರೆ ಎನ್ನುತ್ತೇವಲ್ಲ, ಗಿಟಾರಿನಲ್ಲೂ ಅಂಥದೊಂದು ಇದೆ. ತಂತಿಯ ಕಂಪನ ಆ ಕುದುರೆಯ ಮೂಲಕ ಮೇಲ್ಹಲಗೆಗೆ ಇಳಿಯುತ್ತದೆ. ಅಗಲವಾದ ಹಲಗೆ ಕಂಪಿಸಿದಾಗ ಗಾಳಿ ಅಲುಗುತ್ತದೆ, ಒಡಲೊಳಗಿನ ಗಾಳಿಯೂ ರಂಧ್ರದ ಮೂಲಕ ಉಸಿರಾಡಿದಂತೆ ಒಳಗೂ ಹೊರಗೂ ಆಡುತ್ತದೆ. ರೈಸ್ ಗಿಟಾರಿನ ರಂಧ್ರ ದೊಡ್ಡದಾದದ್ದು ಇದೇ ಕಾರಣಕ್ಕೆ ಮುಖ್ಯ. ಬಾಯಿ ದೊಡ್ಡದಾದಷ್ಟೂ ಒಡಲ ಗಾಳಿಯ ಶ್ರುತಿ ಮೇಲೇರುತ್ತದೆ, ಮಂದ್ರದ ಗುಡುಗು ಕಡಿಮೆಯಾಗಿ ಬಿಡಿಬಿಡಿ ಸ್ವರ ಸ್ಪಷ್ಟವಾಗುತ್ತದೆ. ಜನ ಮರದ್ದೆಂದು ಮೆಚ್ಚಿದ ಗುಣದಲ್ಲಿ ಒಂದಂಶ ಚಾಕುವಿನದ್ದೂ ಇರಬಹುದು ಎಂದಾಯಿತು.

ಹೀಗೆ ನೋಡಿದರೆ ಗಿಟಾರ್ ಮಾಡುವವರ ಸಂಕಟ ವಿಚಿತ್ರವಾದದ್ದು. ಉಕ್ಕಿನ ಆರು ತಂತಿಗಳು ಸೇರಿ ಮೇಲ್ಹಲಗೆಯನ್ನು ಸುಮಾರು 75 ಕಿಲೋ ತೂಕದಷ್ಟು ಬಲದಲ್ಲಿ ಎಳೆಯುತ್ತಿರುತ್ತವೆ, ಒಬ್ಬ ದೃಢಕಾಯ ಮನುಷ್ಯ ಹಗಲೂ ರಾತ್ರಿ ಜೋತುಬಿದ್ದ ಹಾಗೆ. ಹಲಗೆಯ ದಪ್ಪವೋ ಸುಮಾರು ಮೂರು ಮಿಲಿಮೀಟರ್. ದಪ್ಪ ಮಾಡಿದರೆ ಮುರಿಯುವುದಿಲ್ಲ, ಆದರೆ ನುಡಿಯುವುದೂ ಇಲ್ಲ. ತೆಳ್ಳಗೆ ಮಾಡಿದರೆ ಚೆನ್ನಾಗಿ ನುಡಿಯುತ್ತದೆ, ಸ್ವಲ್ಪ ಕಾಲದಲ್ಲೇ ಹೊಟ್ಟೆ ಉಬ್ಬಿಸಿಕೊಂಡು ಕೂರುತ್ತದೆ. ಹಗುರವಾಗಿರಬೇಕು, ಆದರೆ ಬಾಗಬಾರದು. ಈ ಎರಡೂ ಗುಣ ಒಟ್ಟಿಗೆ ಸಿಗುವುದು ತಣ್ಣನೆಯ ದೇಶಗಳ ಸೂಚಿಪರ್ಣಿ ಮರ ಸ್ಪ್ರೂಸ್‌ನಲ್ಲಿ. ಪಿಟೀಲಿಗೂ ಪಿಯಾನೋಗೂ ಅದೇ ಮರ ಒದಗಿಬಂದದ್ದು ಆಕಸ್ಮಿಕವಲ್ಲ.

ಇನ್ನೊಂದು ಉಪಾಯ ಹಲಗೆಯ ಒಳಮೈಗೆ ಅಂಟಿಸುವ ಪಟ್ಟಿಗಳು. ಇಲ್ಲಿ ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನ್ ಎಂಬ ಜರ್ಮನ್ ಕುಶಲಕರ್ಮಿಯ ಕತೆ ಬರುತ್ತದೆ. 1796ರಲ್ಲಿ ಸ್ಯಾಕ್ಸನಿಯ ಮಾರ್ಕ್‌ನಾಯ್‌ಕಿರ್ಖೆನ್‌ನಲ್ಲಿ ಹುಟ್ಟಿದ ಈತ ವಿಯೆನ್ನಾದಲ್ಲಿ ಯೋಹಾನ್ ಗೇಯೊರ್ಗ್ ಸ್ಟೌಫರ್ ಎಂಬ ಹೆಸರಾಂತ ಕರ್ಮಿಯ ಬಳಿ ಕೆಲಸ ಕಲಿತ. ಊರಿಗೆ ಮರಳಿದರೆ ಅಲ್ಲಿ ಕಸುಬಿನ ಜಗಳ. ಗಿಟಾರ್ ಮಾಡುವವರು ಪೀಠೋಪಕರಣದ ಬಡಗಿಗಳ ಸಂಘಕ್ಕೆ ಸೇರಿದವರು, ವಾದ್ಯ ತಯಾರಿಕೆ ತಮ್ಮ ಹಕ್ಕು, ಅವರಿಗೇನು ಕೆಲಸ ಎಂದು ಪಿಟೀಲು ತಯಾರಕರ ಸಂಘ ತಕರಾರು ಹೂಡಿತ್ತು. ಯಾರ ಕುಲಕಸುಬು ಯಾರಿಗೆ ಎಂಬ ಇಂಥ ವ್ಯಾಜ್ಯ ನಮಗೇನು ಹೊಸದಲ್ಲ. ಮಾರ್ಟಿನ್ 1833ರಲ್ಲಿ ಹಡಗು ಹತ್ತಿ ನ್ಯೂಯಾರ್ಕ್ ಸೇರಿದ. ಕೆಲವು ವರ್ಷಗಳ ನಂತರ ಪೆನ್ಸಿಲ್ವೇನಿಯಾದ ನಜರೆತ್ ಊರಿಗೆ ಹೋಗಿ ನೆಲೆಸಿದ. ಮಾರ್ಟಿನ್ ಕಂಪನಿ ಇಂದಿಗೂ ಅಲ್ಲಿಯೇ ಇದೆ.

1840ರ ದಶಕದಲ್ಲಿ ಮಾರ್ಟಿನ್ ಗಿಟಾರ್‌ಗಳ ಒಳಗೆ ಎರಡು ಪಟ್ಟಿಗಳು ಗುಣಾಕಾರದ ಚಿಹ್ನೆಯಂತೆ ಅಡ್ಡಹಾಯುವ ವಿನ್ಯಾಸ ಕಾಣಿಸಿಕೊಂಡಿತು. ಆಗ ಗಿಟಾರಿಗೆ ಹಾಕುತ್ತಿದ್ದದ್ದು ಪ್ರಾಣಿಯ ಕರುಳಿನ ತಂತಿ, ಅದಕ್ಕೆ ಅಷ್ಟು ಬಲ ಬೇಕಿರಲಿಲ್ಲ. ಸುಮಾರು 80 ವರ್ಷಗಳ ಮೇಲೆ, 1920ರ ದಶಕದಲ್ಲಿ ಉಕ್ಕಿನ ತಂತಿ ಸಾಮಾನ್ಯವಾದಾಗ, ಅದೇ ವಿನ್ಯಾಸ ಆ ಹೊಸ ಎಳೆತವನ್ನು ತಡೆದುಕೊಂಡಿತು. ಇವತ್ತು ಲೋಕದ ಬಹುಪಾಲು ಉಕ್ಕಿನ ತಂತಿಯ ಗಿಟಾರ್‌ಗಳ ಹೊಟ್ಟೆಯಲ್ಲಿ ಇರುವುದು ಅದೇ.

ಯುದ್ಧನೌಕೆಯ ಹೆಸರು

1916ರಲ್ಲಿ ಆಲಿವರ್ ಡಿಟ್ಸನ್ ಎಂಬ ಸಂಗೀತ ವ್ಯಾಪಾರ ಸಂಸ್ಥೆಗಾಗಿ ಮಾರ್ಟಿನ್ ಕಂಪನಿ ಅದುವರೆಗೆ ಯಾರೂ ನೋಡಿರದಷ್ಟು ಅಗಲ ಸೊಂಟದ ಗಿಟಾರ್ ಮಾಡಿಕೊಟ್ಟಿತು. 1906ರ ಬ್ರಿಟಿಷ್ ಯುದ್ಧನೌಕೆ ಡ್ರೆಡ್‌ನಾಟ್‌ನ ಹೆಸರೇ ಅದಕ್ಕೆ ಬಂತು. 1931ರಲ್ಲಿ ಕಂಪನಿ ತನ್ನ ಹೆಸರಿನಲ್ಲೇ ಅದನ್ನು ಹೊರತಂದಾಗ ಹುಟ್ಟಿದ ಜೋಡಿ ಡಿ-18 ಮತ್ತು ಡಿ-28. ಅಳತೆ ಒಂದೇ, ಮೇಲ್ಹಲಗೆ ಒಂದೇ. ವ್ಯತ್ಯಾಸ ಬೆನ್ನು ಪಕ್ಕೆಗಳಲ್ಲಿ: 18ಕ್ಕೆ ಮಹಾಗನಿ, 28ಕ್ಕೆ ರೋಸ್‌ವುಡ್. ಗಿಟಾರ್ ಲೋಕದ ‘ಯಾವ ಮರ’ ಎಂಬ ಮುಗಿಯದ ವಾದದ ಮೂಲ ಈ ಜೋಡಿಯಲ್ಲೇ ಇದೆ.

ವಾದಕರು ಇವೆರಡರ ನಾದವನ್ನು ಹೇಗೆ ಬಣ್ಣಿಸುತ್ತಾರೆ ಎಂಬುದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ. ಮಹಾಗನಿಯದು ನೇರ ಮಾತು. ಮೀಟಿದ ಸ್ವರ ಮೀಟಿದಷ್ಟೇ ಕೇಳಿ, ಒಣ ಕಟ್ಟಿಗೆಯಂತೆ ಚುರುಕಾಗಿ ಹೊತ್ತಿ ಬೇಗ ಆರುತ್ತದೆ. ಹಾಡುವವರ ದನಿಗೆ ಅದು ಅಡ್ಡ ಬರುವುದಿಲ್ಲ. ರೋಸ್‌ವುಡ್‌ನದು ತಂಬೂರಿಯ ಸ್ವಭಾವ. ತಂಬೂರಿಯ ತಂತಿಯಡಿ ಜೀವಾಳಿ ಕೂಡಿಸಿದಾಗ ಮೂಲ ಸ್ವರದ ಮೇಲೆ ಸಣ್ಣ ಸಣ್ಣ ಸ್ವರಗಳ ಪರಿಮಳ ಏಳುತ್ತದಲ್ಲ, ಹಾಗೆ. ತಳದಲ್ಲಿ ಮಂದ್ರದ ಗಾಂಭೀರ್ಯ, ಮೇಲೆ ಮಿನುಗು, ನಡುವೆ ಕೊಂಚ ತೆರಪು. ಇದಕ್ಕೆ ಕೊಡುವ ಕಾರಣ ಮರದ ಸಾಂದ್ರತೆ. ಒಂದು ಘನ ಮೀಟರ್ ಮಹಾಗನಿ 600 ಕಿಲೋದ ಆಸುಪಾಸು ತೂಗಿದರೆ ರೋಸ್‌ವುಡ್ 800 ದಾಟುತ್ತದೆ. ಭಾರವಾದ, ಗಟ್ಟಿಯಾದ ಬೆನ್ನು ಕಂಪನವನ್ನು ಹೀರಿಕೊಳ್ಳದೆ ಹಿಂದಿರುಗಿಸುತ್ತದೆ ಎಂಬುದು ವಿವರಣೆ. ಸರಿಯಾಗಿಯೇ ತೋರುತ್ತದೆ. ಎಷ್ಟು ಸರಿ ಎಂಬುದನ್ನು ಮುಂದೆ ನೋಡೋಣ.

ಮೂರನೆಯ ಹಾದಿ ಗಿಬ್ಸನ್ ಕಂಪನಿಯದು. ಮಿಷಿಗನ್ ರಾಜ್ಯದ ಕಲಮಜೂ ಪಟ್ಟಣದ ಈ ಕಂಪನಿ 1942ರಲ್ಲಿ ಜೆ-45 ಎಂಬ ಗಿಟಾರನ್ನು ತಂದಿತು. ಬೆಲೆ 45 ಡಾಲರ್, ಅದೇ ಹೆಸರಾಯಿತು. ಬೆನ್ನು ಮಹಾಗನಿಯದು, ಹೆಗಲು ಇಳಿಜಾರು, ತಂತಿಯ ಉದ್ದ ಮಾರ್ಟಿನ್‌ಗಿಂತ ಅರ್ಧ ಅಂಗುಲಕ್ಕೂ ಹೆಚ್ಚು ಕಡಿಮೆ. ತಂತಿ ಗಿಡ್ಡವಾದರೆ ಅದೇ ಶ್ರುತಿಗೆ ಎಳೆತ ಕಡಿಮೆ ಸಾಕು, ನಾದ ಮೆತ್ತಗಾಗುತ್ತದೆ. ಮರ ಒಂದೇ ಆದರೂ ಜೆ-45ರ ದನಿ ಡಿ-18ರ ದನಿಯಲ್ಲ. ಮರದ ಹೆಸರನ್ನಷ್ಟೇ ಹಿಡಿದು ವಾದ ಮಾಡುವವರು ಇದನ್ನು ಮರೆಯುವುದೇ ಹೆಚ್ಚು.

ಆ ಗಿಟಾರ್ ಬಂದದ್ದು ಎರಡನೆಯ ಮಹಾಯುದ್ಧದ ನಟ್ಟನಡುವೆ. ಕಾರ್ಖಾನೆಯ ಗಂಡಸರು ಸೈನ್ಯಕ್ಕೆ ಹೋಗಿದ್ದರು. ಗಿಬ್ಸನ್ ಯುದ್ಧ ಸಾಮಗ್ರಿ ತಯಾರಿಕೆಗೆ ಇಳಿದಿದೆ, ವಾದ್ಯಗಳ ಕೆಲಸ ನಿಂತಿದೆ ಎಂಬುದೇ ಬಹುಕಾಲ ನಡೆದುಬಂದ ನಂಬಿಕೆ. ಆದರೆ ಕಾರ್ಖಾನೆಯ ಮುಂದೆ ತೆಗೆದ ಹಳೆಯದೊಂದು ಗುಂಪು ಚಿತ್ರದಲ್ಲಿ ಸಾಲು ಸಾಲಾಗಿ ಹೆಂಗಸರಿದ್ದಾರೆ. ಜಾನ್ ಥಾಮಸ್ ಎಂಬ ಕಾನೂನು ಪ್ರಾಧ್ಯಾಪಕರು ಅವರಲ್ಲಿ ಬದುಕಿದ್ದವರನ್ನು ಹುಡುಕಿ ಮಾತಾಡಿಸಿ 2012ರಲ್ಲಿ ಪುಸ್ತಕ ಪ್ರಕಟಿಸಿದರು. ಯುದ್ಧದ ವರ್ಷಗಳಲ್ಲಿ ಸಾವಿರಾರು ಗಿಟಾರ್‌ಗಳು ಆ ಹೆಂಗಸರ ಕೈಯಿಂದಲೇ ಹೊರಬಂದಿದ್ದವು ಎಂಬುದು ಅವರು ಕಂಡುಕೊಂಡ ಸಂಗತಿ. ಅವರು ಗಿಟಾರ್‌ಗಳ ಎಕ್ಸ್‌ರೇ ತೆಗೆಸಿಯೂ ನೋಡಿದರು. ಹೆಂಗಸರು ಮಾಡಿದ ವಾದ್ಯಗಳ ಒಳಪಟ್ಟಿಗಳು ಕೊಂಚ ಹೆಚ್ಚು ನಯವಾಗಿ, ತೆಳುವಾಗಿ ಕಂಡವಂತೆ. ಯುದ್ಧದ ಅಭಾವದಲ್ಲಿ ಒಳ್ಳೆಯ ಮರವೂ ಇರಲಿಲ್ಲ, ಕುತ್ತಿಗೆಯೊಳಗೆ ಹಾಕುವ ಉಕ್ಕಿನ ಸರಳೂ ಸಿಗುತ್ತಿರಲಿಲ್ಲ. ಅಗಲ ಹಲಗೆ ಇಲ್ಲವೆಂದು ನಾಲ್ಕು ತುಂಡು ಜೋಡಿಸಿ ಮೇಲ್ಹಲಗೆ ಮಾಡಿದ್ದುಂಟು. ಆದರೂ ಆ ವರ್ಷಗಳ ಗಿಬ್ಸನ್‌ಗಳಿಗೆ ಇಂದು ಸಂಗ್ರಾಹಕರು ಮುಗಿಬೀಳುತ್ತಾರೆ. ಸಿಕ್ಕಿದ ಮರದಲ್ಲಿ ಎಚ್ಚರದ ಕೈ ಏನು ಮಾಡಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ.

ಬದಲಾದದ್ದು ಏನು?

ಸಂಗ್ರಾಹಕರು ‘ಯುದ್ಧಪೂರ್ವ’ ಎಂಬ ಪದವನ್ನು ನಮ್ಮವರು ‘ಸ್ವಾತಂತ್ರ್ಯಪೂರ್ವ’ ಎಂದಂತೆ ಗೌರವದಿಂದ ಉಚ್ಚರಿಸುತ್ತಾರೆ. ಅದಕ್ಕೆ ಕಾರಣಗಳಿಲ್ಲದೆ ಇಲ್ಲ. 1930ರ ದಶಕದ ಮಾರ್ಟಿನ್‌ಗಳಲ್ಲಿ ಒಳಪಟ್ಟಿಗಳನ್ನು ಅಲ್ಲಲ್ಲಿ ಕೆತ್ತಿ ತಗ್ಗು ಮಾಡುತ್ತಿದ್ದರು. ಹಲಗೆ ಹಗುರಾಗಿ ಸಲೀಸಾಗಿ ಅಲುಗುತ್ತಿತ್ತು. ಆದರೆ ವಾದಕರು ದಪ್ಪ ದಪ್ಪ ತಂತಿ ಹಾಕಿ ಬಿಗಿದರು. ಉಬ್ಬಿದ ಗಿಟಾರ್‌ಗಳು ದುರಸ್ತಿಗೆಂದು ಕಾರ್ಖಾನೆಗೆ ಮರಳತೊಡಗಿದವು. 1944ರ ಕೊನೆಯ ಹೊತ್ತಿಗೆ ಕಂಪನಿ ಆ ಕೆತ್ತನೆಯನ್ನೇ ಕೈಬಿಟ್ಟಿತು. ಅಂದರೆ ಹಳೆಯ ನಾದ ಹೋದದ್ದಕ್ಕೆ ಒಂದು ಕಾರಣ ದುರಸ್ತಿಯ ಖರ್ಚು!

ಅದೇ ಕಾಲಕ್ಕೆ ಮೇಲ್ಹಲಗೆಯ ಮರವೂ ಬದಲಾಯಿತು. ಯುದ್ಧದವರೆಗೆ ಬಳಸುತ್ತಿದ್ದದ್ದು ಅಮೆರಿಕದ ಪೂರ್ವದ ಬೆಟ್ಟಗಳ ಕೆಂಪು ಸ್ಪ್ರೂಸ್. ಗಿಟಾರಿನವರು ಅದನ್ನು ಅಡಿರಾಂಡ್ಯಾಕ್ ಎನ್ನುತ್ತಾರೆ. ದಶಕಗಳ ಕಡಿತದಿಂದ ಅಗಲವಾದ ಮರಗಳು ಮುಗಿದಿದ್ದವು. ಕಂಪನಿಗಳು ಪಶ್ಚಿಮ ತೀರದ ಸಿಟ್ಕಾ ಸ್ಪ್ರೂಸ್‌ಗೆ ತಿರುಗಿದವು. ಸಿಟ್ಕಾ ಒಳ್ಳೆಯ ಮರವೇ. ಮೃದುವಾಗಿ ನುಡಿಸುವವರಿಗೆ ಬೇಗ ಒಲಿಯುತ್ತದೆ. ಅಡಿರಾಂಡ್ಯಾಕ್ ಮೊದಮೊದಲು ಬಿಗುಮಾನದ್ದು, ಆದರೆ ಎಷ್ಟು ಜೋರಾಗಿ ಬಾರಿಸಿದರೂ ದನಿ ಒಡೆಯುವುದಿಲ್ಲ ಎಂಬುದು ವಾದಕರ ಅನುಭವ. ಬ್ಯಾಂಜೋ, ಪಿಟೀಲುಗಳ ಗದ್ದಲದ ನಡುವೆ ನುಡಿಸುವ ಬ್ಲೂಗ್ರಾಸ್‌ನವರಿಗೆ ಅದೇ ಬೇಕಿತ್ತು. 1976ರಲ್ಲಿ ಮಾರ್ಟಿನ್ ಎಚ್‌ಡಿ-28 ಎಂಬ ಮಾದರಿಯಲ್ಲಿ ಕೆತ್ತಿದ ಪಟ್ಟಿಗಳನ್ನು ಮರಳಿ ತಂದಿತು. ‘ವಿಂಟೇಜ್’ ಮಾದರಿಗಳ ಕಾಲ ಶುರುವಾದದ್ದು ಹೆಚ್ಚು ಕಡಿಮೆ ಅಲ್ಲಿಂದ ಎನ್ನಬಹುದು.

ಬೆನ್ನಿನ ಮರದ ಕತೆ ಇನ್ನೂ ದಾರುಣ. ಬ್ರೆಜಿಲ್‌ನ ರೋಸ್‌ವುಡ್ ದಿಮ್ಮಿಗಳು ಕಿರಿದಾಗುತ್ತ ಬಂದವು. 1965ರಲ್ಲಿ ಮಾರ್ಟಿನ್ ತಂದ ಡಿ-35 ಗಿಟಾರಿನ ಬೆನ್ನು ಎರಡು ತುಂಡಿನ ಬದಲು ಮೂರು ತುಂಡಿನದು. ನೋಡಲು ಸೊಗಸು, ನಿಜವಾದ ಕಾರಣ ಅಗಲ ಹಲಗೆಯ ಅಭಾವ. ಆ ದಶಕದ ಕೊನೆಯಲ್ಲಿ ಬ್ರೆಜಿಲ್ ದಿಮ್ಮಿಗಳ ರಫ್ತಿಗೆ ತಡೆಯೊಡ್ಡಿತು. 1969ರಲ್ಲಿ ಡಿ-28ರ ಬೆನ್ನಿಗೆ ಬೇರೊಂದು ಮರ ಬಂದು ಕೂತಿತು.

ಆ ಮರವೇ ನಮ್ಮ ಬೀಟೆ.

ರಟ್ಟಿನ ಗಿಟಾರ್, ಕಪ್ಪು ಕನ್ನಡಕ

ಬೀಟೆಯ ವಿಷಯಕ್ಕೆ ಹೋಗುವ ಮೊದಲು ಬಾಕಿ ಉಳಿದ ಪ್ರಶ್ನೆ ಮುಗಿಸೋಣ. ಬೆನ್ನಿನ ಮರ ಬದಲಾದರೆ ನಾದ ಎಷ್ಟು ಬದಲಾಗುತ್ತದೆ?

ಇದನ್ನು ಮೊದಲು ಪರೀಕ್ಷೆಗೆ ಒಡ್ಡಿದವರು ಸ್ಪೇನ್‌ನ ಆಂಟೋನಿಯೊ ದೆ ತೊರ್ರೆಸ್. 1817ರಿಂದ 1892ರವರೆಗೆ ಬದುಕಿದ್ದ, ಅಲ್ಮೆರಿಯಾ ಕಡೆಯ ಈ ಬಡಗಿಯೇ ಇಂದಿನ ಶಾಸ್ತ್ರೀಯ ಗಿಟಾರಿನ ಆಕಾರವನ್ನು ನೆಲೆಗೊಳಿಸಿದವರು. ನಾದವೆಲ್ಲ ಮೇಲ್ಹಲಗೆಯಲ್ಲಿದೆ ಎಂಬುದು ಅವರ ವಾದ. ಬರೀ ಬಾಯಿಮಾತಲ್ಲ ಎಂದು ತೋರಿಸಲು 1862ರಲ್ಲಿ ಒಂದು ಗಿಟಾರ್ ಮಾಡಿದರು. ಮೇಲ್ಹಲಗೆ ಸ್ಪ್ರೂಸ್, ಬೆನ್ನು ಮತ್ತು ಪಕ್ಕೆ ರಟ್ಟು. ಹೌದು, ಕಾಗದದ ರಟ್ಟು. ಅದು ಚೆನ್ನಾಗಿಯೇ ನುಡಿಯುತ್ತಿತ್ತೆಂದು ಆಗಿನವರು ಹೇಳಿದ್ದಾರೆ. ಇಂದು ಅದು ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ನುಡಿಸುವ ಸ್ಥಿತಿಯಲ್ಲಿಲ್ಲ, ಹಾಗಾಗಿ ತೊರ್ರೆಸ್ ಅವರ ಮಾತನ್ನು ನಂಬುವವರೂ ನಂಬದವರೂ ಅದರ ಮುಂದೆ ನಿಂತು ನೋಡಿ ಬರಬಹುದು, ಅಷ್ಟೆ. 1995ರಲ್ಲಿ ಅಮೆರಿಕದ ಬಾಬ್ ಟೇಲರ್ ಸರಕು ಸಾಗಿಸುವ ಮರದ ಪ್ಯಾಲೆಟ್ ಒಂದನ್ನು ಒಡೆದು ಅದರ ಹಲಗೆಗಳಿಂದ ಗಿಟಾರ್ ಮಾಡಿ ಪ್ರದರ್ಶನಕ್ಕಿಟ್ಟರು. ಅದೂ ಒಳ್ಳೆಯ ಗಿಟಾರೇ ಆಗಿತ್ತು.

ಆದರೆ ಒಂದೊಂದು ಗಿಟಾರಿನಿಂದ ಏನೂ ಸಾಬೀತಾಗುವುದಿಲ್ಲ. ಸರಿಯಾದ ಪರೀಕ್ಷೆ ನಡೆದದ್ದು ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರಿಂದ. ಫಲಿತಾಂಶ ಪ್ರಕಟವಾದದ್ದು 2018ರಲ್ಲಿ. ರೋಜರ್ ಬಕ್‌ನಲ್ ಎಂಬ ಅನುಭವಿ ತಯಾರಕರು ಒಂದೇ ವಿನ್ಯಾಸದ ಆರು ಗಿಟಾರ್‌ಗಳನ್ನು ಮಾಡಿದರು. ಮೇಲ್ಹಲಗೆ, ಪಟ್ಟಿ, ಅಳತೆ ಎಲ್ಲ ಒಂದೇ ಬಗೆ. ಬೆನ್ನು ಪಕ್ಕೆಗಳಿಗೆ ಮಾತ್ರ ಆರು ಮರ: ಬ್ರೆಜಿಲ್ ರೋಸ್‌ವುಡ್, ಭಾರತದ ಬೀಟೆ, ಮಹಾಗನಿ, ಮೇಪಲ್, ಸಪೀಲೆ, ವಾಲ್‌ನಟ್. 52 ಮಂದಿ ಗಿಟಾರ್ ವಾದಕರನ್ನು ಮಬ್ಬುಗತ್ತಲೆಯ ಕೋಣೆಯಲ್ಲಿ ಕೂರಿಸಿ, ಕಣ್ಣಿಗೆ ವೆಲ್ಡಿಂಗ್ ಮಾಡುವವರ ಕಪ್ಪು ಕನ್ನಡಕ ಹಾಕಿಸಿ, ನುಡಿಸಿ ಅಂಕ ಕೊಡಿ ಎಂದರು. ಆರಕ್ಕೂ ಸಿಕ್ಕ ಅಂಕಗಳು ಹೆಚ್ಚು ಕಡಿಮೆ ಒಂದೇ. ಇನ್ನೊಂದು ಪರೀಕ್ಷೆಯಲ್ಲಿ 31 ಮಂದಿಗೆ ಎರಡು ಗಿಟಾರ್ ಕೊಟ್ಟು, ಮೂರನೆಯ ಸಲ ಕೊಟ್ಟದ್ದು ಅವೆರಡರಲ್ಲಿ ಯಾವುದು ಎಂದು ಕೇಳಿದರು. ಅದನ್ನು ಗುರುತಿಸುವುದು ಅವರಿಗೆ ಸುಲಭವಾಗಲಿಲ್ಲ. ಉಪಕರಣಗಳು ಅಳೆದ ಸಣ್ಣಪುಟ್ಟ ವ್ಯತ್ಯಾಸಗಳಿಗೂ ಹೆಚ್ಚಿನಂಶ ಮರ ಕಾರಣವಲ್ಲ, ಕೈಕೆಲಸದಲ್ಲಿ ಸಹಜವಾಗಿ ಬರುವ ಏರುಪೇರು ಎಂದು ಕಂಡುಬಂತು.

ನಾನು ಗಿಟಾರಿನಲ್ಲಿ ಪಂಡಿತನಲ್ಲ. ಡಿಪ್ಲೊಮಾ ಓದುವಾಗ ಹಾಸ್ಟೆಲಿನ ಕೋಣೆಯಲ್ಲಿ ಗೆಳೆಯನ ಪ್ಲೈವುಡ್ ಗಿಟಾರ್ ಹಿಡಿದು ಮೂರು ಸ್ವರಮೇಳ ಕಲಿತು, ನಾಲ್ಕನೆಯದಕ್ಕೆ ಬೆರಳು ಬಗ್ಗದೆ ಬಿಟ್ಟವನು. ಆದರೆ ಈ ಲೇಖನಕ್ಕಾಗಿ ಹಳೆಯ ಡಿ-18, ಡಿ-28ಗಳ ಧ್ವನಿಮುದ್ರಣಗಳನ್ನು ಹಲವು ರಾತ್ರಿ ಕೇಳಿದೆ. ಹೆಸರು ನೋಡಿ ಕೇಳಿದಾಗ ವ್ಯತ್ಯಾಸ ಥಟ್ಟನೆ ತಿಳಿಯುತ್ತಿತ್ತು. ಗೆಳೆಯನಿಂದ ಹೆಸರು ಮುಚ್ಚಿಸಿ ಕೇಳಿದಾಗ ಅರ್ಧಕ್ಕರ್ಧ ತಪ್ಪಿದೆ. ನನ್ನ ಕಿವಿಯ ದೋಷ ಎಂದು ವಾದಕರು ನಗಬಹುದು. ಆ 52 ಮಂದಿಗೂ ಅದೇ ದೋಷವಿತ್ತೇ ಎಂದು ಕೇಳಬೇಕಾಗುತ್ತದೆ.

ಹಾಗೆಂದು ಮರ ಲೆಕ್ಕಕ್ಕೇ ಇಲ್ಲ ಎಂದರೆ ಅದೂ ಅತಿಯಾಯಿತು. ಆ ಪರೀಕ್ಷೆ ಮೇಲ್ಹಲಗೆಯ ಬಗೆಗೆ ಏನೂ ಹೇಳುವುದಿಲ್ಲ. ತೊರ್ರೆಸ್ ಕಾಲದಿಂದ ಇಂದಿನವರೆಗೆ ಎಲ್ಲರೂ ಒಪ್ಪುವ ಮಾತು ಮೇಲ್ಹಲಗೆಯೇ ಗಿಟಾರಿನ ಜೀವ ಎಂಬುದು. ವರ್ಷಗಳು ಕಳೆದಂತೆ ಸ್ಪ್ರೂಸ್ ಒಣಗಿ ಹಗುರಾಗುತ್ತದೆ, ತೇವ ಹೀರುವುದನ್ನು ಕಡಿಮೆ ಮಾಡುತ್ತದೆ. 80 ವರ್ಷ ಹಳೆಯ ಗಿಟಾರಿನ ಸಡಿಲವಾದ, ತೆರೆದ ದನಿಗೆ ಇದೊಂದು ಕಾರಣವಿರಬೇಕು. ಇನ್ನೊಂದು ಕಾರಣ ಸರಳವಾದದ್ದು. 1930ರ ದಶಕದಲ್ಲೂ ಕೆಟ್ಟ ಗಿಟಾರ್‌ಗಳಿದ್ದವು. ಅವು ಮಾಳಿಗೆಯಲ್ಲೋ ಒಲೆಯಲ್ಲೋ ಕೊನೆಗಂಡವು. ಚೆನ್ನಾಗಿ ನುಡಿದವನ್ನು ಜನ ಜೋಪಾನ ಮಾಡಿದರು. ನಾವು ಈಗ ಕೇಳುತ್ತಿರುವುದು ಹೀಗೆ ಆರಿಸಿ ಉಳಿಸಿದವುಗಳ ದನಿಯನ್ನು.

ಕಾಲವನ್ನೇ ಒಲೆಯಲ್ಲಿ ಬೇಯಿಸುವ ಉಪಾಯವೂ ಈಗ ಬಂದಿದೆ. ಆಮ್ಲಜನಕ ತೀರ ಕಡಿಮೆ ಇರುವ ಕುಲುಮೆಯಲ್ಲಿ ಹೊಸ ಸ್ಪ್ರೂಸ್ ಹಲಗೆಯನ್ನು ಸುಡದಂತೆ ಕಾಯಿಸುತ್ತಾರೆ. ಮರದೊಳಗಿನ ರಾಳ, ತೇವ ಹೋಗುತ್ತವೆ, ಬಣ್ಣ ಕಂದಾಗುತ್ತದೆ, ಹಲಗೆ ಹಗುರಾಗುತ್ತದೆ. ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಮಾರ್ಟಿನ್, ಯಮಾಹಾ ಮುಂತಾದ ದೊಡ್ಡ ಕಂಪನಿಗಳೆಲ್ಲ ಇದನ್ನು ಬೇರೆ ಬೇರೆ ಹೆಸರಿನಲ್ಲಿ ಮಾಡುತ್ತಿವೆ. ಅತಿ ದುಬಾರಿ ಮಾದರಿಗಳಿಗೆ ಇಂಥ ಹಲಗೆಯ ಜತೆಗೆ ಹಳೆಯ ಸರೇಸನ್ನೇ ಬಳಸುತ್ತಾರೆ. ಹೊಸ ಗಿಟಾರ್ ಮೊದಲ ದಿನವೇ ಹಳೆಯದರಂತೆ ನುಡಿಯುತ್ತದೆ ಎಂಬುದು ಮಾರುವವರ ಮಾತು. ಸ್ವಲ್ಪ ನಿಜ ಇದ್ದೀತು. ಹಾಗೆ ಕಾಯಿಸಿದ ಹಲಗೆ ಹೆಚ್ಚು ಪೆಡಸು, ಬೇಗ ಸೀಳುತ್ತದೆ ಎಂಬ ಮಾತನ್ನು ಮಾತ್ರ ಅವರು ಸಣ್ಣ ದನಿಯಲ್ಲಿ ಹೇಳುತ್ತಾರೆ.

ಬೀಟೆಯ ಲೆಕ್ಕ

ಈಗ ಬೀಟೆ. ತಮಿಳಿನಲ್ಲಿ, ಮಲೆಯಾಳದಲ್ಲಿ ಈಟ್ಟಿ ಎನ್ನುತ್ತಾರೆ. ಸಸ್ಯಶಾಸ್ತ್ರದ ಹೆಸರು ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ. ಕೊಡಗು, ಚಿಕ್ಕಮಗಳೂರು, ವಯನಾಡು, ನೀಲಗಿರಿಗಳ ಕಾಡಿನಲ್ಲೂ ಕಾಫಿ ತೋಟದ ನೆರಳಿನ ಮರಗಳ ನಡುವೆಯೂ ಇದು ಬೆಳೆಯುತ್ತದೆ. ಬೆಳೆಯುವುದು ನಿಧಾನ, ಬಹು ನಿಧಾನ. ಚೇಗು ಕೂಡಿ ನೇರಳೆ ಮಿಶ್ರಿತ ಕಂದು ಬಣ್ಣಕ್ಕೆ ತಿರುಗಲು ದಶಕಗಳು ಬೇಕು. ಮೈಸೂರಿನ ಕೆತ್ತನೆ ಕೆಲಸದವರು ಬಣ್ಣ ಬಣ್ಣದ ಮರದ ಚೂರುಗಳನ್ನು ಕೂರಿಸಿ ಚಿತ್ರ ಮಾಡುವುದು ಬೀಟೆಯ ಹಲಗೆಯ ಮೇಲೆ. ಮಲೆನಾಡಿನ ಹಳೆಯ ಮನೆಗಳಲ್ಲಿ ಬೀಟೆಯ ಮಂಚ, ಬೀಟೆಯ ಬಾಗಿಲು ಇನ್ನೂ ಇವೆ. ನಮ್ಮಜ್ಜನ ಮನೆಯಲ್ಲೂ ಒಂದು ಮಂಚವಿದೆ. ಅದನ್ನು ಸರಿಸಬೇಕಾದರೆ ನಾಲ್ಕು ಜನ ಬೇಕು.

1969ರ ನಂತರ ಈ ಮರ ಅಮೆರಿಕದ ಗಿಟಾರಿನ ಬೆನ್ನಾಯಿತು. ಭಾರತ ದಿಮ್ಮಿಯ ರೂಪದಲ್ಲಿ ಇದರ ರಫ್ತನ್ನು ನಿಷೇಧಿಸಿದೆ. ಕೊಯ್ದು ಹಲಗೆ ಮಾಡಿಯೇ ಕಳಿಸಬೇಕು. ನಿಷೇಧ ಎಷ್ಟು ಸೂಕ್ಷ್ಮ ಎಂಬುದು ತಿಳಿದದ್ದು 2011ರಲ್ಲಿ. ಅಮೆರಿಕದ ಅಧಿಕಾರಿಗಳು ಗಿಬ್ಸನ್ ಕಂಪನಿಯ ಮೇಲೆ ದಾಳಿ ಮಾಡಿ ಭಾರತದಿಂದ ಹೋದ ಬೀಟೆ ಮತ್ತು ಎಬೊನಿ ತುಂಡುಗಳನ್ನು ವಶಪಡಿಸಿಕೊಂಡರು. ಇದಕ್ಕೂ ಮೊದಲು, 2009ರಲ್ಲಿ ಮಡಗಾಸ್ಕರ್‌ನ ಎಬೊನಿಯ ವಿಷಯದಲ್ಲಿ ದಾಳಿಯಾಗಿತ್ತು. ಬೇರೆ ದೇಶದ ಕಾನೂನು ಮೀರಿ ಕಡಿದ ಅಥವಾ ಸಾಗಿಸಿದ ಮರವನ್ನು ಕೊಳ್ಳುವುದು ಅಪರಾಧ ಎಂದು ಅಮೆರಿಕದ ಲೇಸಿ ಕಾಯ್ದೆ 2008ರಿಂದ ಹೇಳುತ್ತದೆ. 2012ರ ಆಗಸ್ಟ್‌ನಲ್ಲಿ ಗಿಬ್ಸನ್ ಮೂರು ಲಕ್ಷ ಡಾಲರ್ ದಂಡ ಕಟ್ಟಿ ರಾಜಿಯಾಯಿತು. ಭಾರತದ ಮರದ ಬಗ್ಗೆ ಮಾತ್ರ, ಬೆರಳಪಟ್ಟಿಯ ತುಂಡು ‘ಹಲಗೆ’ಯೋ ‘ತಯಾರಾದ ಭಾಗ’ವೋ ಎಂಬುದರಲ್ಲಿ ನಮ್ಮ ರಫ್ತು ನಿಯಮಗಳೇ ಸ್ಪಷ್ಟವಿಲ್ಲ ಎಂಬ ಕಾರಣಕ್ಕೆ ಅಮೆರಿಕ ಸರ್ಕಾರ ಹಿಂದೆ ಸರಿಯಿತು.

ಬ್ರೆಜಿಲ್ ರೋಸ್‌ವುಡ್ 1992ರಿಂದ ಅಳಿವಿನಂಚಿನ ಜೀವಿಗಳ ವ್ಯಾಪಾರ ಕುರಿತ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ, ಎಂದರೆ ವ್ಯಾಪಾರ ಬಹುಮಟ್ಟಿಗೆ ಬಂದ್. 2017ರ ಜನವರಿಯಲ್ಲಿ ಬೀಟೆಯೂ ಸೇರಿ ಆ ಕುಲದ ಎಲ್ಲ ಮರಗಳೂ ಎರಡನೆಯ ಪಟ್ಟಿಗೆ ಸೇರಿದವು. ಗಿಟಾರ್ ಮಾರಿ ಗಡಿ ದಾಟಿಸಬೇಕಾದವರೆಲ್ಲ ಕಾಗದಪತ್ರಕ್ಕಾಗಿ ಪರದಾಡಿದರು. 2019ರ ನವೆಂಬರ್‌ನಿಂದ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಮರಕ್ಕೆ ಸಿಗಲಿಲ್ಲ, ಸಿಗಬಾರದು ಕೂಡ. 2021ರಲ್ಲಿ ವಯನಾಡಿನ ಮುಟ್ಟಿಲ್‌ನಲ್ಲಿ ನೂರಕ್ಕೂ ಹೆಚ್ಚು ಬೀಟೆ ಮರಗಳನ್ನು ಅಕ್ರಮವಾಗಿ ಕಡಿದ ಪ್ರಕರಣ ಹೊರಬಿದ್ದಾಗ ಕೇರಳ ಸರ್ಕಾರವೇ ಮುಜುಗರಕ್ಕೆ ಒಳಗಾಯಿತು. ಅವು ಗಿಟಾರಿಗೆಂದು ಕಡಿದ ಮರಗಳಲ್ಲ, ನಿಜ. ಕದ್ದ ಬೀಟೆಗೆ ಮನೆಪೀಠೋಪಕರಣದ ಹಸಿವೇ ಸಾಕು. ಆದರೆ ‘ಇದರಷ್ಟು ಒಳ್ಳೆಯ ಮರ ಇನ್ನೊಂದಿಲ್ಲ’ ಎಂಬ ಕೀರ್ತಿಗೆ ಗಿಟಾರಿನ ಲೋಕವೂ ತನ್ನ ಪಾಲು ಸೇರಿಸಿದೆ.

ತಮಾಷೆಯೆಂದರೆ, 1970ರ ದಶಕದಲ್ಲಿ ಬೀಟೆಯ ಡಿ-28ಗಳನ್ನು ಕೀಳು ಎಂದೇ ಹಳಬರು ನೋಡುತ್ತಿದ್ದರು. ಬ್ರೆಜಿಲ್‌ನ ಮರದ ಮುಂದೆ ಇದು ಬಡವರ ರೋಸ್‌ವುಡ್ ಆಗಿತ್ತು. ಬ್ರೆಜಿಲ್‌ನದು ಸಿಗದಂತಾದ ಮೇಲೆ ಬೀಟೆಗೆ ಪಟ್ಟ ಬಂತು. ಈಗ ಬೀಟೆಗೂ ಕಾಗದಪತ್ರದ ಕಾಟ ಶುರುವಾದ ಮೇಲೆ ಆಫ್ರಿಕಾದ ಸಪೀಲೆ, ಅಮೆರಿಕದ ವಾಲ್‌ನಟ್, ಮೇಪಲ್‌ಗಳಲ್ಲಿ ಒಳ್ಳೆಯ ಗುಣಗಳು ಕಾಣತೊಡಗಿವೆ. ಲ್ಯಾಂಕಾಸ್ಟರ್‌ನ ಕತ್ತಲೆ ಕೋಣೆಯಲ್ಲಿ ಅವೆಲ್ಲ ಸರಿಸಮನಾಗಿಯೇ ನಿಂತಿದ್ದವು. ಹೊಸ ಗಿಟಾರ್ ಕೊಳ್ಳುವ ಓದುಗರಿಗೆ ನನ್ನಂಥ ಮೂರು ಸ್ವರಮೇಳದವನು ಹೇಳಬಹುದಾದದ್ದು ಇಷ್ಟೇ: ಮೇಲ್ಹಲಗೆ ಪ್ಲೈವುಡ್ಡೋ ಇಡೀ ಮರವೋ ಎಂದು ಮೊದಲು ಕೇಳಿ, ಬೆನ್ನಿನ ಮರದ ಹೆಸರನ್ನು ಕೊನೆಗೆ ಕೇಳಿ, ನಡುವೆ ಒಂದು ಗಂಟೆ ಕಣ್ಣು ಮುಚ್ಚಿ ನುಡಿಸಿ ನೋಡಿ.

ಟೋನಿ ರೈಸ್ ಅವರ ಗಿಟಾರಿನ ಪ್ರತಿರೂಪವನ್ನು ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ಕಂಪನಿ ಅವರ ಹೆಸರಿನಲ್ಲೇ ತಯಾರಿಸಿತು. ನಾದರಂಧ್ರ ಅದೇ ರೀತಿ ದೊಡ್ಡದು. ಮೇಲ್ಹಲಗೆ ಮಾತ್ರ ಸಿಟ್ಕಾ ಸ್ಪ್ರೂಸ್. ಬೆನ್ನು ಪಕ್ಕೆ ಭಾರತದ ಬೀಟೆ. ರೈಸ್ ಒಪ್ಪಿ ಹೆಸರು ಕೊಟ್ಟಿದ್ದರು.